ಪಕ್ಕದ ಸೀಟಿನ ಬ್ರೇಕು

೧

ಇದನ್ನು ಎಲ್ಲಿಂದ ಶುರು ಮಾಡಲಿ? ‘ಒಂದಾನೊಂದು ಕಾಲದಲ್ಲಿ’ ಎನ್ನೋಣವೆಂದರೆ ನಡೆದದ್ದು ಮೊನ್ನೆ ಭಾನುವಾರ. ಕಾರ್ ರೇಸಿನ ಕಥೆಯಲ್ಲವೇ, ಜೋರಾಗಿಯೇ ಎತ್ತಿಕೊಳ್ಳೋಣ ಎನಿಸಿತು. ಹೀಗೆ:

ಕತ್ತಲ ನಗರ. ಒದ್ದೆ ರಸ್ತೆಯ ಮೇಲೆ ಬಣ್ಣದ ದೀಪಗಳು ಕರಗಿ ಹರಿಯುತ್ತಿದ್ದವು. ಕೆಂಪು ಕಾರು ಹುಲಿಯಂತೆ ಗುರುಗುಟ್ಟಿತು. ಸ್ಟೀರಿಂಗ್ ಹಿಡಿದ ಅತ್ತೆಯ ಕಣ್ಣಲ್ಲಿ ಬೆಂಕಿ...

"ನನಗೆ ಸೀಟ್ ಬೆಲ್ಟ್ ಹಾಕಿಸಿದ್ಯಾ?" ಎಂದರು ಅತ್ತೆ.

ಹಾಕಿಸಿರಲಿಲ್ಲ. ಕಣ್ಣಲ್ಲಿ ಬೆಂಕಿ ಹಾಕುವ ಗಡಿಬಿಡಿಯಲ್ಲಿ ಬೆಲ್ಟ್ ಮರೆತಿದ್ದೆ.

"ಹಾಗಾದ್ರೆ ಗಾಡಿ ಹೊರಡಲ್ಲ. ಅಳಿಸು."

ಅಳಿಸಿದೆ. (ಅಳಿಸಿದ್ದು ನಿಮಗೆ ಹೇಗೆ ಕಾಣುತ್ತಿದೆ ಎಂದು ಕೇಳಬೇಡಿ. ಆ ಹುಲಿಯ ಮೇಲೆ ನನಗೆ ಸ್ವಲ್ಪ ಆಸೆ ಉಳಿದಿದೆ.)

೨

ಸರಿ, ಬೆಲ್ಟ್ ಹಾಕಿಕೊಂಡು ಶುರು ಮಾಡುತ್ತೇನೆ.

ಅತ್ತೆ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾರೆ. ಕಲಿಯುವವರು ಸ್ಟೀರಿಂಗ್ ಹಿಡಿದರೆ ಅತ್ತೆ ಪಕ್ಕದ ಸೀಟಿನಲ್ಲಿ. ಆ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕಿದೆ. ಊರಿನ ಅರ್ಧ ಜನ ಇವತ್ತು ಉಸಿರಾಡುತ್ತಿರುವುದು ಆ ಬ್ರೇಕಿನ ದಯೆಯಿಂದ. ಉಳಿದರ್ಧ ಜನ ಇನ್ನೂ ಕಲಿಯಲು ಬಂದಿಲ್ಲ. ಅತ್ತೆಯ ಬಲಗಾಲಿಗೆ ಇದು ಎಷ್ಟು ಅಭ್ಯಾಸವಾಗಿದೆಯೆಂದರೆ ಬಸ್ಸಿನಲ್ಲಿ ಕೂತರೂ ನೆಲ ಒತ್ತುತ್ತಾರೆ, ಲಿಫ್ಟ್ ಇಳಿಯುವಾಗಲೂ ಒತ್ತುತ್ತಾರೆ. ಚಪ್ಪಲಿಯಲ್ಲಿ ಬಲಗಾಲಿನದೇ ಮೊದಲು ಸವೆಯುತ್ತದೆ. ಎಡಗಾಲಿನ ಒಂಟಿ ಚಪ್ಪಲಿಗಳೇ ಮನೆಯಲ್ಲಿ ಒಂದು ಚೀಲ ತುಂಬ ಇವೆ.

ಅತ್ತೆಯ ಅಣ್ಣನ ಮಗಳು ಗುಬ್ಬಿಗೆ ಹನ್ನೊಂದು ವರ್ಷ. (ಅವಳನ್ನು ಕೇಳಿದರೆ, ಹನ್ನೆರಡಕ್ಕೆ ಹತ್ತಿರ.) ಅವಳಿಗೆ ಬೀದಿ ರೇಸಿನ ವಿಡಿಯೋ ಗೇಮೊಂದು ಬೇಕು. ಗೆಳತಿಯಿಂದ ಒಂದು ದಿನದ ಮಟ್ಟಿಗೆ ತಂದಿದ್ದಾಳೆ. ಡಬ್ಬಿಯ ಮೇಲೆ ‘ಹದಿಮೂರು ದಾಟಿದವರಿಗೆ’ ಎಂದು ಬರೆದಿದೆ. ಅಮ್ಮ ಬೇಡ ಎಂದಳು. ಅಪ್ಪ "ನನ್ನನ್ನ ಕೇಳ್ಬೇಡಿ" ಎಂದು ಪೇಪರಿನ ಹಿಂದೆ ಹೋದವನು ಈ ಕಥೆ ಮುಗಿಯುವವರೆಗೂ ಹೊರಗೆ ಬರುವುದಿಲ್ಲ. ಕೊನೆಗೆ ಅಮ್ಮನೇ ಹೇಳಿದಳು, "ನಿಮ್ಮತ್ತೆ ತಾನೇ ಕಾರಿನ ವಿಷಯ ಬಲ್ಲವಳು? ಆಡಿ ನೋಡ್ಲಿ. ಅವಳು ಏನು ಹೇಳ್ತಾಳೋ ಅದೇ ಸರಿ."

ಹೀಗೆ ತೀರ್ಪು ಅತ್ತೆಯ ತಲೆಗೆ ಬಂತು. ಬೇಡ ಎಂದರೆ ಗುಬ್ಬಿ ಮಾತು ಬಿಡುತ್ತಾಳೆ. ಗುಬ್ಬಿ ಮಾತು ಬಿಟ್ಟರೆ ಅತ್ತೆಗೆ ಭಾನುವಾರವೆನ್ನುವುದೇ ಇಲ್ಲ. ಇಡೀ ವಾರ "ಕ್ಲಚ್ ಬಿಡು, ಬಿಡು ಅಂದ್ರೆ ಪೂರ್ತಿ ಬಿಡೋದಲ್ಲ" ಎಂದು ಕೂಗಿದವರಿಗೆ ಅವರ ಜೋಕಿಗೆ ನಗುವ ಒಂದೇ ಜೀವ ಅದು. ಆಗಬಹುದು ಎಂದರೆ, ಇನ್ನು ಏಳು ವರ್ಷಕ್ಕೆ ಇದೇ ಗುಬ್ಬಿ ಕಾರು ಕಲಿಯಲು ಬಂದು ಕೂರುತ್ತಾಳೆ. ಪಕ್ಕದಲ್ಲಿ ಕೂರಬೇಕಾದವರು ಯಾರು?

೩

(ಮೂರನೆಯ ಭಾಗದಲ್ಲಿ ಗುಬ್ಬಿಯ ಅಮ್ಮನನ್ನು ಖಳನಾಯಕಿ ಮಾಡಿದ್ದೆ. ಅವಳು ಒದ್ದೆ ಕೈಯಲ್ಲೇ ಅಡುಗೆಮನೆಯಿಂದ ಬಂದು ಓದಿದಳು. "ಈ ಮನೆಯಲ್ಲಿ ಮಗು ಉಂಡಳಾ ಅಂತ ನೋಡೋದು ನಾನು, ಹೋಮ್‌ವರ್ಕ್ ಮಾಡಿಸೋದು ನಾನು. ಈಗ ನಿನ್ನ ಕಥೆಗೆ ರಾಕ್ಷಸಿನೂ ನಾನೇ ಆಗ್ಬೇಕಾ?" ಎಂದಳು. ಭಾಗ ಮೂರು ರದ್ದು.)

೪

ಮೊದಲು ಗುಬ್ಬಿ ಆಡಿ ತೋರಿಸಿದಳು. ಅತ್ತೆ ಸೋಫಾದ ತುದಿಯಲ್ಲಿ ಕೂತರು, ಬಲಗಾಲು ಕಾಲೊರಸಿನ ಮೇಲೆ. ಟಿವಿಯೊಳಗಿನ ಕಾರು ಚಿಮ್ಮಿತು, ಕಸದ ತೊಟ್ಟಿ ಹಾರಿಸಿತು, ದೀಪದ ಕಂಬ ಮುರಿಯಿತು.

"ಕಂಬಕ್ಕೆ ಗುದ್ದಿದ್ದಕ್ಕೆ ಪಾಯಿಂಟ್ ಕೊಟ್ರಾ?"

"ಸುಮ್ಮನೆ ಗುದ್ದಿದ್ರೆ ಕೊಡಲ್ಲ ಅತ್ತೆ. ಸ್ಟೈಲಾಗಿ ಗುದ್ದಬೇಕು."

"ನನ್ನ ಸ್ಟೂಡೆಂಟ್ಸ್ ಎಲ್ಲಾ ಸ್ಟೈಲಾಗೇ ಗುದ್ದೋದು. ಪಾಪ, ಯಾರೂ ಪಾಯಿಂಟ್ ಕೊಟ್ಟಿಲ್ಲ."

ಕಾರು ನೇರ ರಸ್ತೆಯಲ್ಲಿ ಓಡಿ ಒಂದು ದೊಡ್ಡ ತಿರುವಿಗೆ ಬಂದು ಗೋಡೆಗೆ ಅಪ್ಪಳಿಸಿತು. ಮತ್ತೊಮ್ಮೆ ಆಡಿದಳು, ಮತ್ತೆ ಅದೇ ಗೋಡೆ. ಆ ತಿರುವು ದಾಟಲು ಅವಳ ತರಗತಿಯಲ್ಲಿ ಯಾರಿಗೂ ಆಗಿಲ್ಲವಂತೆ. ಅತ್ತೆ ಒತ್ತಿ ಒತ್ತಿ ಕಾಲೊರಸು ಅಷ್ಟು ಹೊತ್ತಿಗೆ ಟಿವಿಯ ಹತ್ತಿರ ಹೋಗಿತ್ತು.

ಆಮೇಲೆ ಅತ್ತೆಯ ಸರದಿ. ಗೇಮಿನ ರಿಮೋಟನ್ನು ಎರಡೂ ಕೈಯಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದರು. ರೇಸು ಶುರುವಾಯಿತು. ಎಲ್ಲ ಕಾರುಗಳೂ ಹೋದವು. ಅತ್ತೆಯದು ನಿಂತೇ ಇತ್ತು.

"ಒತ್ತಿ ಅತ್ತೆ."

"ಸಿಗ್ನಲ್ ಕೆಂಪು ಇದೆ."

"ಅದು ಬರೀ ಚಿತ್ರ ಅತ್ತೆ."

"ಚಿತ್ರ ಆದ್ರೂ ಕೆಂಪೇ ತಾನೇ." ಹಸಿರು ಬಂದ ಮೇಲೆ ಹೊರಟರು. "ಇಂಡಿಕೇಟರ್ ಯಾವ ಬಟನ್?"

"ಇಂಡಿಕೇಟರ್ ಇಲ್ಲ."

"ಮತ್ತೆ ಹಿಂದಿನವರಿಗೆ ಹೇಗೆ ಗೊತ್ತಾಗುತ್ತೆ?"

"ಹಿಂದೆ ಯಾರೂ ಇಲ್ಲ ಅತ್ತೆ. ನಾವೇ ಲಾಸ್ಟ್."

ಗೇಮಿನ ಪೊಲೀಸ್ ಜೀಪೊಂದು ಅಬ್ಬರಿಸಿಕೊಂಡು ಬಂದು ಅತ್ತೆಯ ಕಾರಿನ ಹಿಂಭಾಗಕ್ಕೆ ಗುದ್ದಿತು. ಅತ್ತೆ ನಿಧಾನವಾಗಿ ಪಕ್ಕಕ್ಕೆ ಸರಿದು ನಿಲ್ಲಿಸಿದರು. ಪೊಲೀಸಿನವನು ಇಳಿದು ಬಂದು ಮಾತಾಡುತ್ತಾನೆಂದು ಕಾದರು. ಅವನು ಬರಲಿಲ್ಲ. ಗುಬ್ಬಿ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು.

೪ (ಮಧ್ಯೆ ನನ್ನದೊಂದು)

ನನ್ನ ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ತಲೆಗಳು ತರಕಾರಿಯಂತೆ ಉರುಳುತ್ತಿದ್ದವು. ಆಗ ನನಗೆ ನಾಲ್ಕು ವರ್ಷ. ಅಜ್ಜಿಯ ಹಣೆಯ ಮೇಲೆ ‘ಹದಿಮೂರು ದಾಟಿದವರಿಗೆ’ ಎಂದು ಯಾರೂ ಚೀಟಿ ಅಂಟಿಸಿರಲಿಲ್ಲ. ನಿಯಮ ಒಂದೇ, ನಾನು ಹೂಂಗುಡುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು, ರಾಜಕುಮಾರಿ ರಾಕ್ಷಸಿಯ ಬಾಯಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಇದ್ದರೂ ಸರಿಯೇ. ನನ್ನ ಹೂಂ ಸಣ್ಣದಾದರೆ ರಾಕ್ಷಸಿಗೆ ತಟ್ಟನೆ ಹೊಟ್ಟೆನೋವು ಬರುತ್ತಿತ್ತು.

(ಇದನ್ನು ಇಲ್ಲಿ ಯಾಕೆ ಹೇಳಿದೆ? ನನಗೂ ಗೊತ್ತಿಲ್ಲ. ನೀವು ಹೂಂ ಎನ್ನುತ್ತಿದ್ದೀರಿ ತಾನೇ?)

೫

ಇಲ್ಲಿ ನನ್ನ ಹತ್ತಿರ ಎರಡು ಅಂತ್ಯಗಳಿದ್ದವು.

ಮೊದಲನೆಯದರಲ್ಲಿ ಅತ್ತೆಗೆ ಗೇಮಿನ ಹುಚ್ಚು ಹಿಡಿಯುತ್ತದೆ. ಸೋಮವಾರ ಡ್ರೈವಿಂಗ್ ಸ್ಕೂಲಿನ ಕಾರು ಮಾರ್ಕೆಟ್ಟಿನ ನಡುವೆ ಒಂದು ಸುತ್ತು ತಿರುಗಿ, ಹೊಗೆಯೆಬ್ಬಿಸಿ ನಿಲ್ಲುತ್ತದೆ. ಅತ್ತೆ ಇದನ್ನು ಓದಿ, "ಟೈರ್ ಯಾರು ಹಾಕಿಸಿಕೊಡ್ತಾರೆ, ನಿಮ್ಮಜ್ಜಿನಾ?" ಎಂದರು.

ಎರಡನೆಯದರಲ್ಲಿ ಅತ್ತೆ ಬೇಡ ಎನ್ನುತ್ತಾರೆ. ಗುಬ್ಬಿ ಡಬ್ಬಿ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅತ್ತೆ ಒಬ್ಬರೇ ಸೋಫಾದಲ್ಲಿ... ಇದನ್ನು ಬರೆಯುವಾಗ ನಾನೇ ಮೂಗು ಒರೆಸಿಕೊಂಡೆ. ತಮಾಷೆಯ ಕಥೆಯಲ್ಲಿ ಮೂಗು ಒರೆಸಿಕೊಳ್ಳುವುದು ಮರ್ಯಾದೆಯಲ್ಲ. ಬಿಟ್ಟೆ.

"ಈಗ ಏನ್ಮಾಡೋದು?" ಎಂದು ಅತ್ತೆಯನ್ನೇ ಕೇಳಿದೆ.

"ನನಗೆ ಈ ಸೀಟೇ ಸರಿಯಿಲ್ಲಮ್ಮ. ನಾನು ಎಲ್ಲರನ್ನೂ ನೋಡಿಕೊಂಡಿದ್ದು ಪಕ್ಕದ ಸೀಟಲ್ಲಿ ಕೂತು, ಸ್ಟೀರಿಂಗ್ ಹಿಂದೆ ಅಲ್ಲ. ನನ್ನ ಜಾಗ ನನಗೆ ಕೊಡು."

೬

ಕೊಟ್ಟೆ. ಗುಬ್ಬಿ ತನ್ನ ರಿಮೋಟ್ ತೆಗೆದುಕೊಂಡಳು. ಅತ್ತೆಯ ಕೈ ಖಾಲಿ ಇರಬಾರದೆಂದು, ಮೇಜಿನ ಮೇಲಿದ್ದ ಎರಡನೆಯ ರಿಮೋಟನ್ನು ಅವರ ಕೈಗಿಟ್ಟಳು. ‘ಇಬ್ಬರಿಗೆ ಒಂದೇ ಕಾರು’ ಎಂಬುದನ್ನು ತಾನೇ ಒತ್ತಿದಳು. (ಇದು ನನ್ನ ಪ್ಲಾನ್ ಅಲ್ಲ. ನಾನು ಆಗ ಅಂತ್ಯ ಮೂರನ್ನು ಹುಡುಕುತ್ತಿದ್ದೆ.)

"ಯಾವುದು ಬ್ರೇಕು?"

"ಈ ಎಡಗಡೆಯದು. ಆದ್ರೆ ಒತ್ಬೇಡಿ."

ಕಾರು ಹೊರಟಿತು. ಕಂಬ, ತೊಟ್ಟಿ, ನೇರ ರಸ್ತೆ. ತಿರುವು ಎದುರಿಗೆ ಬಂತು. ಗುಬ್ಬಿ ಹಲ್ಲು ಕಚ್ಚಿ ವೇಗ ಒತ್ತಿದಳು. ಅತ್ತೆಯ ಹೆಬ್ಬೆರಳು, ಅವರನ್ನು ಒಂದು ಮಾತೂ ಕೇಳದೆ, ಮೆತ್ತಗೆ ಒಮ್ಮೆ ಒತ್ತಿತು, ಬಿಟ್ಟಿತು, ಇನ್ನೊಮ್ಮೆ ಒತ್ತಿತು.

ಕಾರು ಗೋಡೆಯನ್ನು ಸವರಿಕೊಂಡು ತಿರುಗಿ ಆಚೆ ಹೋಯಿತು.

ಆಚೆ ಒಂದು ಉದ್ದನೆಯ ಸೇತುವೆ ಇತ್ತು. ಕೆಳಗೆ ಸಮುದ್ರ. ಬೆಳಗಾಗುತ್ತಿತ್ತು. ಇಬ್ಬರೂ ಬಟನ್ ಒತ್ತುವುದನ್ನು ಮರೆತರು, ಕಾರು ತಾನೇ ಸ್ವಲ್ಪ ದೂರ ಉರುಳಿತು.

"ಅತ್ತೆ, ಈ ಜಾಗ ಇದೆ ಅಂತಾನೇ ನನಗೆ ಗೊತ್ತಿರ್ಲಿಲ್ಲ," ಎಂದಳು ಗುಬ್ಬಿ.

ಸೇತುವೆಯ ನಡುವೆ ಜಗಳ ಶುರುವಾಯಿತು. ಇವಳು ವೇಗ ಒತ್ತಿದರೆ ಅವರು ಬ್ರೇಕು. ಕಾರು ನಿಂತಲ್ಲೇ ಚಳಿಜ್ವರ ಬಂದವರ ಹಾಗೆ ನಡುಗಿತು. ಎಲ್ಲರಿಗಿಂತ ಕೊನೆಗೆ ಬಂದರು. ಆದರೂ ಒಬ್ಬರ ಬೆನ್ನಿಗೊಬ್ಬರು ಗುದ್ದಿಕೊಂಡು ನಕ್ಕರು.

ಗುಬ್ಬಿಯ ಅಮ್ಮ ಪಾತ್ರೆ ತೊಳೆಯುವುದು ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದಳು. "ಏನಂತೀಯ? ಆಗುತ್ತಾ, ಆಗಲ್ವಾ?"

"ಎರಡು ರಿಮೋಟ್ ಇದ್ರೆ ಆಗುತ್ತೆ ಅತ್ತಿಗೆ. ಒಂದೇ ಇದ್ರೆ ನನಗೂ ಆಗಲ್ಲ."

ಇಲ್ಲಿಗೆ ಮುಗಿಸಬಹುದಿತ್ತು. ಚಂದದ ಮಾತು, ನಾನು ಪೆನ್ನಿನ ಮುಚ್ಚಳವನ್ನೂ ಹಾಕಿದ್ದೆ. ಗುಬ್ಬಿಯ ಅಮ್ಮ ಬಿಡಲಿಲ್ಲ.

"ನೀನು ಬರೋದು ಭಾನುವಾರ. ಮಿಕ್ಕ ದಿನ ಬ್ರೇಕ್ ಒತ್ತೋರು ಯಾರು?"

ಅತ್ತೆ ಕೈಯಲ್ಲಿದ್ದ ರಿಮೋಟನ್ನು ಅವಳ ಕಡೆ ಚಾಚಿದರು. ಅಮ್ಮನ ಬೆರಳ ತುದಿಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡಳು, ಒಂದು ಕೈ. ಇನ್ನೊಂದು ಕೈಯಲ್ಲಿ ತೊಳೆಯುತ್ತಿದ್ದ ಸೌಟು ಇನ್ನೂ ಇತ್ತು.

೭

ಅಮ್ಮ ರಿಮೋಟ್ ತಗೊಂಡಳು ಎಂದು ಬರೆಯಲೇ? ಬರೆಯಲು ಹೋದೆ.

"ನಿಧಾನ," ಎಂದರು ಅತ್ತೆ. ಅವರ ಬಲಗಾಲು ನೆಲವನ್ನು ಒತ್ತುತ್ತಿತ್ತು. "ಮುಂದೆ ತಿರುವಿದೆ. ಅದು ಅತ್ತಿಗೆಯ ತಿರುವು, ನಿನ್ನದಲ್ಲ."

"ಓದುವವರು ಕಾಯ್ತಿದ್ದಾರೆ ಅತ್ತೆ."

"ಮಿರರ್ ನೋಡಿದ್ಯಾ?"

ನೋಡಿದೆ. ಹಿಂದೆ ನೀವಿದ್ದೀರಿ. ಹೂಂ, ಹೂಂ ಎನ್ನುತ್ತ ತೀರ ಹತ್ತಿರ ಬಂದುಬಿಟ್ಟಿದ್ದೀರಿ. ಆದ್ದರಿಂದ ಗಾಡಿಯನ್ನು ಪಕ್ಕಕ್ಕೆ ಹಾಕಿ ನಿಂತಿದ್ದೇನೆ. ರಿಮೋಟ್ ಗಾಳಿಯಲ್ಲೇ ಇದೆ, ಸೌಟೂ ಇದೆ. ಎಡ, ಬಲ, ಎರಡೂ ಇಂಡಿಕೇಟರ್ ಮಿನುಗುತ್ತಿವೆ.