ಫೆಬ್ರವರಿ ಹನ್ನೆರಡರ ಕೊನೆಯ ಸಾಲು

ಇಂಗ್ಲೆಂಡಿನ ನಮ್ಮ ಥಾರ್ನ್‌ಕ್ಲಫ್ ಊರಿನ ಸಂಜೆಪತ್ರಿಕೆಯಲ್ಲಿ 'ಈ ದಿನ' ಎಂಬ ಮೂಲೆಯನ್ನು ಇಪ್ಪತ್ತೆರಡು ವರ್ಷ ಬರೆದವನು ನಾನು, ಕ್ಲಿಫರ್ಡ್ ಟ್ಯಾಟರ್‌ಸಾಲ್. ಬರೆದವನು ಎನ್ನುವುದೂ ದೊಡ್ಡ ಮಾತೇ. ಮೂರು ಶೂ ಡಬ್ಬಿಗಳಲ್ಲಿ ಮುನ್ನೂರ ಅರವತ್ತಾರು ಕಾರ್ಡುಗಳಿದ್ದವು. ಆ ದಿನದ ಕಾರ್ಡು ತೆಗೆದು, ದೇಶದ ಚರಿತ್ರೆಯಲ್ಲಿ ಅಂದು ಹುಟ್ಟಿದ ದೊಡ್ಡವರು, ತಲೆ ಹೋದ ರಾಣಿಯರು, ಮುಳುಗಿದ ಹಡಗುಗಳು ಇವುಗಳಲ್ಲಿ ಆರನ್ನು ಆರಿಸಿ ಆರು ಸಾಲು ಮಾಡಬೇಕು. ಹಳೆಯ ಇಸವಿ ಮೇಲೆ, ಹೊಸತು ಕೆಳಗೆ. ಕೊನೇ ಗಳಿಗೆಯಲ್ಲಿ ಜಾಹೀರಾತು ಬಂದರೆ ಕೆಳಗಿನಿಂದ ಕತ್ತರಿ ಬೀಳುತ್ತದೆ. ಪತ್ರಿಕೆ ಕೆಲಸದಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಸೇರಿದ ವಾರದಲ್ಲೇ ಗೊತ್ತಾಗಿಬಿಡುತ್ತದೆ.

ಆನಿಸ್ ಆರ್ಮರಾಡ್ ಪ್ರತಿ ಜನವರಿಯಲ್ಲಿ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಕೈಯಲ್ಲಿ ಓಟ್ಸ್ ಹಿಟ್ಟಿನ ಶುಂಠಿ ಕೇಕಿನ ಡಬ್ಬಿ. ಅವರ ಒಬ್ಬಳೇ ಮಗಳು ಬೆರಿಲ್, ಹದಿನೆಂಟು ವರ್ಷದವಳು, ೧೯೫೭ರ ಫೆಬ್ರವರಿ ೧೨ರಂದು ಸ್ಲಿಪ್ಪರ್ ಕಾರ್ಖಾನೆಯ ಬೆಂಕಿಯಲ್ಲಿ ಸತ್ತಳು. ಸ್ಲಿಪ್ಪರಿಗೆ ಅಟ್ಟೆ ಅಂಟಿಸುವ ಮೇಲ್ಮಹಡಿಯಲ್ಲಿ ಅಂಟಿನ ಡಬ್ಬಗಳಿಗೆ ಕಿಡಿ ತಗುಲಿತು. ಏಳು ಹೆಂಗಸರು ಹಿಂದಿನ ಮೆಟ್ಟಿಲಿಗೆ ಓಡಿದರು. ಅಲ್ಲಿನ ಬಾಗಿಲಿಗೆ ಬೀಗ ಹಾಕಿತ್ತು. ಹುಡುಗಿಯರು ಕೋಟಿನೊಳಗೆ ಸ್ಲಿಪ್ಪರ್ ಬಚ್ಚಿಟ್ಟುಕೊಂಡು ಆ ದಾರಿಯಲ್ಲಿ ಹೋಗುತ್ತಾರೆಂದು ಹಾಕಿದ ಬೀಗ. ಊರಿಗೆಲ್ಲ ಗೊತ್ತಿದ್ದ ಮಾತು ಅದು. ವಿಚಾರಣೆಯ ವರದಿಯಲ್ಲಿ ಮಾತ್ರ 'ಆಕಸ್ಮಿಕ' ಎಂದಿತ್ತು, ಬೀಗದ ಸುದ್ದಿಯೇ ಇರಲಿಲ್ಲ. ಆ ದಿನ ನಾನು ಶಾಲೆಯಲ್ಲಿದ್ದೆ. ಹೊಗೆ ನೋಡಲು ನಾವೆಲ್ಲ ಕಿಟಕಿಗೆ ಮುಗಿಬಿದ್ದಾಗ ಮೇಷ್ಟ್ರು ಪರದೆ ಎಳೆದು ರಾಜರ ಇಸವಿಗಳನ್ನು ಮುಂದುವರಿಸಿದರು.

"ಒಂದೇ ಒಂದು ಸಾಲು ಕ್ಲಿಫರ್ಡ್," ಎನ್ನುತ್ತಿದ್ದರು ಆನಿಸ್. "ಅದರಲ್ಲಿ ಬೀಗ ಅನ್ನೋ ಮಾತು ಇರ್ಬೇಕು, ಅಷ್ಟೇ."

"ಅದು ದೇಶದ ಚರಿತ್ರೆ ಅಮ್ಮಾ. ಊರಿನ ಸುದ್ದಿ ಹಾಕೋಕೆ ಶುರು ಮಾಡಿದ್ರೆ ನಾಳೆ ಎಲ್ಲಾ ಅಜ್ಜೀರೂ ಸಾಲಾಗಿ ನಿಲ್ತಾರೆ. ಶ್ರದ್ಧಾಂಜಲಿ ಪುಟ ಇದೆಯಲ್ಲ, ಅಲ್ಲಿ ಕೊಡಿ."

"ಅಲ್ಲಿ ವರ್ಷಾ ವರ್ಷಾ ಕೊಡ್ತೀನಪ್ಪಾ. ಒಂದ್ಸಲ ಬೀಗ ಅಂತ ಬರೆದಿದ್ದಕ್ಕೆ ಕೌಂಟರಿನವಳು ನನ್ನೆದುರಿಗೇ ಹೊಡೆದು ಹಾಕಿದ್ಲು. 'ದೇವರ ಮಡಿಲಲ್ಲಿ ನಿದ್ರಿಸುತ್ತಿದ್ದಾಳೆ' ಅಂತ ಹಾಕಿ ಅಂದ್ಲು. ಅದು ನನ್ನ ಅಳು ಕಣಯ್ಯಾ. ನಿನ್ನ ಮೂಲೇಲಿ ಬರೋದು ನಡೆದದ್ದು. ನಡೆದಿಲ್ವಾ ಇದು? ಬೆರಿಲ್ ಸತ್ತಿದ್ದು ಇಂಗ್ಲೆಂಡಿನಲ್ಲಲ್ವಾ?"

ಇಪ್ಪತ್ತೆರಡು ಜನವರಿಗಳಲ್ಲಿ ನಾನು ಕೊಟ್ಟ ಉತ್ತರ ಒಂದೇ: "ಮುಂದಿನ ವರ್ಷ ನೋಡೋಣ." ಕೇಕನ್ನು ಮಾತ್ರ ಆ ವರ್ಷವೇ ತಿಂದು ಮುಗಿಸುತ್ತಿದ್ದೆ. ಇಂಥ ನನಗೆ ಊರಿನಲ್ಲಿ ಒಳ್ಳೆಯ ಮನುಷ್ಯ ಎಂಬ ಹೆಸರು ಬೇರೆ.

ಈ ವರ್ಷ, ೧೯೯೯ರ ಜನವರಿಯಲ್ಲಿ, ಅವರು ಬರಲಿಲ್ಲ. ಬದಲಿಗೆ ಬೆಟ್ಟದ ಮೇಲಿನ ವೃದ್ಧಾಶ್ರಮದಿಂದ ಕಾಗದ ಬಂತು. 'ಎದೆಯಲ್ಲಿ ನೀರು ತುಂಬಿದೆ. ಡಾಕ್ಟರು ಬೇಸಿಗೆಯ ಮಾತೆತ್ತುವುದಿಲ್ಲ. ಉಳಿದ ಆರೂ ಮನೆಗಳವರು ಹೋಗಿಬಿಟ್ಟರು, ಕೇಳುವವಳು ಇನ್ನು ನಾನೊಬ್ಬಳೇ. ಕೇಕು ಮಾಡಲು ಇಲ್ಲಿ ಬಿಡುವುದಿಲ್ಲ, ಕ್ಷಮಿಸು.'

ಆ ಕೊನೆಯ ಮಾತು ಓದಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಕಾಗದ ಹಿಡಿದು ಸಂಪಾದಕ ಡಕ್ಸ್‌ಬರಿಯ ಕೋಣೆಗೆ ಹೋದೆ. ಅವನು ಡ್ರಾಯರುಗಳನ್ನು ಖಾಲಿ ಮಾಡುತ್ತಿದ್ದ. ಪತ್ರಿಕೆಯನ್ನು ದೊಡ್ಡ ಕಂಪನಿಯೊಂದು ಕೊಂಡು ಹೊಸ ವರ್ಷದಿಂದ ಪುಟಗಳನ್ನು ನಲವತ್ತು ಮೈಲಿ ಆಚೆ ಕಟ್ಟಲು ಶುರುಮಾಡಿತ್ತು. ಮಾರ್ಚಿ ಒಂದರಿಂದ ನನ್ನ ಮೂಲೆಯನ್ನೂ ಲಂಡನ್ನಿನಿಂದ ತಯಾರಾಗಿಯೇ ತರಿಸುವವರಿದ್ದರು.

"ಹಾಕ್ಕೋ ಮಾರಾಯಾ," ಎಂದ ಡಕ್ಸ್‌ಬರಿ. "ಬೀಗಾನೂ ಹಾಕು, ಬೇಕಿದ್ರೆ ಬೀಗದ ಕೈನೂ ಹಾಕು. ಮೊಕದ್ದಮೆ ಹೂಡೋಕೆ ಆ ಮಾಲೀಕರ ವಂಶದವರು ಯಾರಿದ್ದಾರೆ? ನಮ್ಮನ್ನ ಓದೋರಾದ್ರೂ ಯಾರಿದ್ದಾರೆ?"

ಅಂದೇ ಕಾರ್ಡಿನ ಮೇಲೆ ಬರೆದೆ: '೧೯೫೭: ಥಾರ್ನ್‌ಕ್ಲಫ್‌ನ ಸ್ಲಿಪ್ಪರ್ ಕಾರ್ಖಾನೆಯಲ್ಲಿ ಬೆಂಕಿ, ಏಳು ಮಹಿಳೆಯರ ಸಾವು. ಹಿಂಬಾಗಿಲಿಗೆ ಬೀಗ ಹಾಕಲಾಗಿತ್ತು.' ಆಶ್ರಮಕ್ಕೆ ಫೋನ್ ಮಾಡಿ ಆನಿಸ್‌ಗೆ ಓದಿ ಹೇಳಿದೆ.

"ಇನ್ನೊಂದ್ಸಲ ಓದು," ಎಂದರು.

ಹನ್ನೊಂದನೇ ತಾರೀಕು ಆರು ಸಾಲನ್ನೂ ಎಂದಿನಂತೆ ಜೋಡಿಸಿ ಕಳಿಸಿದೆ. ಮೊದಲು ೧೫೫೪: ಒಂಬತ್ತು ದಿನದ ರಾಣಿ ಜೇನ್ ಗ್ರೇಗೆ ಶಿರಚ್ಛೇದ. ಆಮೇಲೆ ೧೮೦೯: ನಮಗೆಲ್ಲ ಮಂಗಗಳ ನಂಟಸ್ತಿಕೆ ತೋರಿಸಿಕೊಟ್ಟ ಗಡ್ಡದ ವಿಜ್ಞಾನಿಯ ಜನನ. ನಂತರ ಒಂದು ರೈಲುದಾರಿ, ಒಬ್ಬ ಬಿಷಪ್, ಒಬ್ಬ ಹಾಸ್ಯನಟ. ಎಲ್ಲರಿಗಿಂತ ಕೆಳಗೆ ೧೯೫೭.

ಮರುದಿನ ಮಧ್ಯಾಹ್ನ ಪತ್ರಿಕೆಯ ಕಟ್ಟು ಬಂತು. ನಿಂತಲ್ಲೇ ಬಿಚ್ಚಿ ನೋಡಿದೆ. ಹಾಸ್ಯನಟ ಹುಟ್ಟಿದ್ದ. ಅವನ ಕೆಳಗೆ, ಗೀಟಿನ ಆಚೆ, ಕಾರ್ಪೆಟ್ ಅಂಗಡಿಯೊಂದರ ಅರ್ಧ ಬೆಲೆಯ ಮಾರಾಟ.

ಪುಟ ಕಟ್ಟುವವರಿಗೆ ಫೋನ್ ಮಾಡಿದೆ. ಎತ್ತಿದವನು ಬಹಳ ಸಭ್ಯಸ್ಥ.

"ಕಾರ್ಪೆಟ್ ಜಾಹೀರಾತು ತಡವಾಗಿ ಬಂತು ಸಾರ್. ಜಾಗ ಸಾಲಲಿಲ್ಲ, ಕೆಳಗಿನದನ್ನು ತೆಗೆದೆ. ಏನಾದರೂ ತಪ್ಪಾಯ್ತಾ?"

"ಇವತ್ತಿನ ಎರಡನೇ ಮುದ್ರಣದಲ್ಲಿ?"

"ಅದನ್ನ ನಿಲ್ಲಿಸಿ ಆರು ವಾರ ಆಯ್ತಲ್ಲ ಸಾರ್."

"ನಾಳೆ ಹಾಕೋಕಾಗುತ್ತಾ?"

"ನಾಳೆ ಹದಿಮೂರಲ್ವಾ ಸಾರ್."

ಹೌದು, ಹದಿಮೂರು. ಬಯ್ಯದೆ ಫೋನಿಟ್ಟೆ. ಅವನ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ತೆಗೆಯುತ್ತಿದ್ದೆ.

ಸುಳ್ಳು ಹೇಳಿಬಿಡೋಣವೆಂದು ಬೆಟ್ಟ ಹತ್ತುವಾಗ ದಾರಿಯುದ್ದಕ್ಕೂ ಯೋಚಿಸಿದೆ. ಯಾವ ಸುಳ್ಳು? ಕನ್ನಡಕ ಹಾಕಿದರೆ ಅವರ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿತ್ತು.

ಆನಿಸ್ ಹಾಸಿಗೆಯಲ್ಲಿ ಎತ್ತರದ ದಿಂಬುಗಳಿಗೆ ಒರಗಿ ಕೂತಿದ್ದರು. ತಲೆ ಬಾಚಿ ಕ್ಲಿಪ್ಪು ಹಾಕಿತ್ತು. ಒಳ್ಳೆಯ ಕಾರ್ಡಿಗನ್ ತೊಟ್ಟಿದ್ದರು. ಪಕ್ಕದ ಟ್ರೇಯಲ್ಲಿ ಚಹಾ, ಕನ್ನಡಕ, ಒಂದು ಕತ್ತರಿ.

"ಬಂದ್ಯಾ! ಊಟದ ಮನೇಲಿ ಎಲ್ರಿಗೂ ಹೇಳಿಟ್ಟಿದೀನಿ. ಮೇಟ್ರನ್ ಕತ್ತರಿ ಕೊಟ್ಟಿದಾಳೆ. 'ಜೋಪಾನ ಅಜ್ಜೀ, ಕೈ ಕುಯ್ಕೋಬೇಡಿ' ಅಂತೆ, ನನಗೆ! ಮೂವತ್ತು ವರ್ಷ ಸ್ಲಿಪ್ಪರಿಗೆ ಫೆಲ್ಟ್ ಬಟ್ಟೆ ಕತ್ತರಿಸಿದ ಕೈ ಇದು. ಎಲ್ಲಿ, ತಾ."

ಪತ್ರಿಕೆ ನನ್ನ ಕೋಟಿನೊಳಗಿತ್ತು. ತೆಗೆಯಲಿಲ್ಲ.

"ಬರಲಿಲ್ಲಮ್ಮಾ," ಎಂದೆ. "ಕಾರ್ಪೆಟ್ ಜಾಹೀರಾತು ಬಂತು. ಕೊನೇ ಸಾಲು ತೆಗೆದುಬಿಟ್ರು."

ಅವರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. ಆಮೇಲೆ ಕೈ ಚಾಚಿದರು. ಕೊಟ್ಟೆ. ಐದು ಸಾಲನ್ನೂ ಬೆರಳಿಟ್ಟು ಓದಿದರು.

"ಜೇನ್ ಬಂದಿದಾಳೆ," ಎಂದರು.

"ಹೌದು."

"ಪಾಪ, ಅವಳೂ ಸಣ್ಣ ಹುಡುಗಿ. ಬೆರಿಲ್‌ಗಿಂತ ಚಿಕ್ಕೋಳೋ ಏನೋ. ಅವಳ ಮೇಲೆ ನಂದೇನೂ ತಕರಾರಿಲ್ಲ. ಆದ್ರೆ ನಾನೂರು ವರ್ಷದಿಂದ ಎಲ್ರಿಗೂ ಗೊತ್ತಿರೋಳು, ಒಂದು ದಿನ ಜಾಗ ಬಿಟ್ಕೊಡ್ತಿರ್ಲಿಲ್ವಾ? ನಮ್ಮದನ್ನ ಮೇಲೆ ಹಾಕ್ಬಾರದಿತ್ತಾ ಕ್ಲಿಫರ್ಡ್?"

"ಇಸವಿ ಪ್ರಕಾರ ಹಾಕ್ಬೇಕಮ್ಮಾ. ಹಳೇದು ಮೇಲೆ. ಮೊದಲಿಂದಲೂ ಹಾಗೇ."

"ಜಾಗ ಸಾಲದಿದ್ರೆ ಕೆಳಗಿಂದು ಹೋಗುತ್ತೆ ಅಂತ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಮತ್ತೆ?"

"ತೋಚಲಿಲ್ಲಮ್ಮಾ. ದಿನಾ ಹಾಕೋ ಹಾಗೆ ಹಾಕ್ಬಿಟ್ಟೆ. ಬೇಕೂಂತ ಮಾಡಿದ್ದಲ್ಲ."

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಹೌದಪ್ಪಾ," ಎಂದರು. "ಆ ಬೀಗ ಹಾಕಿದ ಫೋರ್‌ಮನ್ನೂ ಅದನ್ನೇ ಅಂದ. ನಮ್ಮನೆ ಅಡುಗೆಮನೇಲಿ ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ದ. ಬೆಳಿಗ್ಗೆ ದಿನಾ ಹಾಕೋ ಹಾಗೆ ಹಾಕ್ಬಿಟ್ಟೆ, ಬೇಕೂಂತ ಮಾಡಿದ್ದಲ್ಲ ಅಂದ. ಒಳ್ಳೆ ಮನುಷ್ಯ. ಅವನಿಗೂ ಚಹಾ ಮಾಡ್ಕೊಟ್ಟೆ."

ಟ್ರೇಯಲ್ಲಿದ್ದ ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. ಕುಡಿಯಲೇಬೇಕಾಯಿತು. ತಣ್ಣಗಾಗಿತ್ತು. ಅವರು ಪತ್ರಿಕೆ ಮಡಿಚಿ, ಕತ್ತರಿಯನ್ನು ಅದರ ಮೇಲಿಟ್ಟು, ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

ಮುಂದಿನ ವರ್ಷ ಎಂಬ ಮಾತು ಅಭ್ಯಾಸಬಲದಿಂದ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನಾದರೂ ಆಡಲಿಲ್ಲ.

ಮಾರ್ಚಿಯಲ್ಲಿ ಕಚೇರಿ ಖಾಲಿಯಾಯಿತು, ಜಾಹೀರಾತಿನ ಕೌಂಟರ್ ಒಂದನ್ನು ಮಾತ್ರ ಉಳಿಸಿಕೊಂಡರು. ಶೂ ಡಬ್ಬಿಗಳು ಕಸದ ಲಾರಿ ಹತ್ತಿದವು. ಹನ್ನೆರಡನೇ ಫೆಬ್ರವರಿಯ ಕಾರ್ಡನ್ನು ಮಾತ್ರ ಜೇಬಿಗಿಳಿಸಿದೆ. ಅದರಿಂದ ಯಾರಿಗೆ ಏನು ಉಪಯೋಗವೋ ನನಗೂ ಗೊತ್ತಿಲ್ಲ. ಆನಿಸ್ ಏಪ್ರಿಲ್ ಎರಡನೇ ವಾರ ತೀರಿಕೊಂಡರು. ಅವರಿಗೆ ತಮ್ಮವರೆಂದು ಯಾರೂ ಉಳಿದಿರಲಿಲ್ಲವಾದ್ದರಿಂದ ಮರಣದ ಪ್ರಕಟಣೆ ಕೊಡಲು ನಾನೇ ಕೌಂಟರಿಗೆ ಹೋದೆ. ದುಡ್ಡು ಕೊಟ್ಟ ಪ್ರಕಟಣೆಗೆ ಜಾಗ ಸಾಲದೆಂದು ಕತ್ತರಿ ಬೀಳುವುದಿಲ್ಲ, ಅದೂ ನನಗೆ ಗೊತ್ತಿತ್ತು.

ಫಾರಂ ಮೇಲೆ ಬರೆದೆ: 'ಆನಿಸ್ ಆರ್ಮರಾಡ್, ೮೪. ಸ್ಲಿಪ್ಪರ್ ಕಾರ್ಖಾನೆಯ ಬೀಗ ಹಾಕಿದ ಬಾಗಿಲ ಹಿಂದೆ ೧೯೫೭ರಲ್ಲಿ ಸತ್ತ ಬೆರಿಲ್‌ಳ ತಾಯಿ.'

ಕೌಂಟರಿನ ಹುಡುಗಿ ಫೋನಿನಲ್ಲಿದ್ದಳು. ಇದನ್ನು ಓದಿ ಹುಬ್ಬೇರಿಸುತ್ತಾಳೆ, ನಲವತ್ತು ಮೈಲಿ ಆಚೆ ಯಾರನ್ನೋ ಕೇಳುತ್ತಾಳೆ, ದಾಖಲೆ ಇದೆಯಾ ಸಾರ್ ಎನ್ನುತ್ತಾರೆ, ನನ್ನ ಹಿಂದೆ ನಿಂತವರು ಗೊಣಗುತ್ತಾರೆ ಎಂದೆಲ್ಲ ಅನ್ನಿಸಿತು. ಅವಳು ಫೋನಿಡುವ ಮೊದಲೇ ಇನ್ನೊಂದು ಫಾರಂ ತೆಗೆದುಕೊಂಡೆ. 'ಆನಿಸ್ ಆರ್ಮರಾಡ್, ೮೪. ಬೆರಿಲ್‌ಳ ಪ್ರೀತಿಯ ತಾಯಿ. ದೇವರ ಮಡಿಲಲ್ಲಿ ನಿದ್ರಿಸುತ್ತಿದ್ದಾರೆ' ಎಂದು ಬರೆದು ಕೊಟ್ಟೆ.

ಶುಕ್ರವಾರ ಅದು ಒಂದಕ್ಷರವೂ ಬಿಡದೆ ಅಚ್ಚಾಯಿತು.