ನಮ್ಮ ಮಂದಿ ಇಲ್ಲದ ಕಡೆ

ಬಾಡಿಗೆ ಮನೆ ನೋಡಲು ಬಂದವರೆಲ್ಲ ಅಡುಗೆಕಟ್ಟೆಯ ಕಲ್ಲು ಸವರಿ ನೋಡುತ್ತಿದ್ದಾಗ ಅನ್ನಪೂರ್ಣವ್ವ ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ತಿರುವಿದಳು. ಕಟ್ ಎಂದು ಬಿತ್ತು. ಮತ್ತೆ ತೆಗೆದು, ಹೊರಗೆ ಬಂದು, ಹಿಡಿಕೆಯ ನಡುವಿನ ಸಣ್ಣ ಗೀರನ್ನು ಉಗುರಿನಿಂದ ಮುಟ್ಟಿ ನೋಡಿದಳು. ಹೊರಗಿನಿಂದ ಒಂದು ನಾಣ್ಯ ತೂರಿಸಿ ತಿರುವಿದರೆ ಯಾರಾದರೂ ತೆರೆಯಬಹುದಾದ ಚಿಲಕ. ಸೊಸೆ ಪಲ್ಲವಿ ಬಂದಾಗ, ಇಲ್ಲೊಂದು ಅಗಳಿ ಜಡಿಯಲು ಮನೆ ಮಾಲೀಕರು ಬಿಡುತ್ತಾರೋ ಕೇಳು ಎಂದಳು. ಪಲ್ಲವಿ ಏಜೆಂಟನ ಕಡೆ ನೋಡಿದಳು, ಕೇಳಲಿಲ್ಲ. ಹೊರಗೆ ಇನ್ನೂ ಇಪ್ಪತ್ತು ಮಂದಿ ಸಾಲಾಗಿ ನಿಂತಿದ್ದರು. ಮನೆ ನೋಡಲು ಕೊಟ್ಟ ಹದಿನೈದು ನಿಮಿಷ ಮುಗಿಯುತ್ತ ಬಂದಿತ್ತು.

ಸಿಡ್ನಿಗೆ ಬಂದು ಹತ್ತು ದಿನವಾಗಿತ್ತು. ಪಲ್ಲವಿಯ ಕಂಪನಿಯ ಆಫೀಸು ಮ್ಯಾಕ್ವೆರಿ ಪಾರ್ಕಿನಲ್ಲಿತ್ತು. ಅಲ್ಲೇ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಅತ್ತೆ, ಸೊಸೆ, ಆರು ವರ್ಷದ ನಿಹಾರಿಕಾ ಮೂವರೂ ಒಂದೇ ಮಂಚದ ಮೇಲೆ ಮಲಗುತ್ತಿದ್ದರು. ಹೆಂಗಸರ ಸಹಾಯವಾಣಿಯಲ್ಲಿ ಮಾತಾಡಿದವಳು ಸ್ಪಷ್ಟವಾಗಿ ಹೇಳಿದ್ದಳು: ನಿಮ್ಮ ಭಾಷೆಯವರು ಹೆಚ್ಚಿರುವ ಸಬರ್ಬ್‌ಗೆ ಹೋಗಬೇಡಿ. ಪಲ್ಲವಿ ಹಾಗೆಯೇ ದಕ್ಷಿಣದ ಕಡೆ ಎರಡು ಮನೆ ನೋಡಿಟ್ಟಿದ್ದಳು. ಆದರೆ ಕನ್ನಡದವರು ಹೆಚ್ಚಿದ್ದ ಈ ರೌಸ್ ಹಿಲ್‌ನಿಂದ ಆಫೀಸಿಗೆ ಮೆಟ್ರೋ ನೇರ ಇತ್ತು, ಶಾಲೆ ಚೆನ್ನಾಗಿತ್ತು. ನೋಡಿಯಾದರೂ ಬರೋಣ ಎಂದು ಹೊರಟಿದ್ದರು. ದಾರಿಯಲ್ಲಿ ಅಂಗಡಿಗಳ ಚೌಕದ ಬೆಂಚಿನ ಮೇಲೆ ಇಬ್ಬರು ಮುದುಕಿಯರು ಸೀರೆಯುಟ್ಟು, ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಬೂಟು ತೊಟ್ಟು ಕೂತಿದ್ದರು. ಅನ್ನಪೂರ್ಣವ್ವ ಕಾರಿನ ಕಿಟಕಿಯಿಂದ ಅವರನ್ನೇ ನೋಡುತ್ತಿದ್ದಳು. ಕಾರು ತಿರುಗಿದ ಮೇಲೂ ಕತ್ತು ಹೊರಳಿಸಿ ನೋಡಿದಳು.

“ಇದ ಇರ್ಲಿ,” ಅಂದಳು ಅನ್ನಪೂರ್ಣವ್ವ, ಮನೆ ನೋಡಿ ಹೊರಗೆ ಬಂದವಳೇ.

ಅತ್ತೆ ತನಗಾಗಿ ಮಗನ ಮನೆ ಬಿಟ್ಟು ಬಂದಿದ್ದಾಳೆ, ಒಂದಿಷ್ಟು ಮಾತಿನ ಆಸೆ ಪಡುವುದೂ ತಪ್ಪೇ ಎಂದು ಪಲ್ಲವಿಗೆ ಅನ್ನಿಸಿತೋ ಏನೋ. ಫೋನಿನಲ್ಲಿ ಅಲ್ಲೇ ಬಾಡಿಗೆಯ ಅರ್ಜಿ ತುಂಬಿದಳು.

ಅವರು ಬಿಟ್ಟು ಬಂದ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ಮಗ ಶಂಭುಲಿಂಗ ಎಂದರೆ ಎಲ್ಲರಿಗೂ ಬೇಕಾದವನು. ಹೊಸದಾಗಿ ಬಂದವರನ್ನು ಏರ್‌ಪೋರ್ಟಿನಿಂದ ಕರೆತರುವವನು, ಯಾರ ಮನೆಯ ಗೃಹಪ್ರವೇಶವಿದ್ದರೂ ಕುರ್ಚಿ ಜೋಡಿಸುವವನು. ಮಗನ ಬಗ್ಗೆ ಜನ ಹೇಳುವುದನ್ನು ಕೇಳಿ ಧಾರವಾಡದಿಂದ ಬಂದ ಅನ್ನಪೂರ್ಣವ್ವನಿಗೆ ಮೊದಲ ತಿಂಗಳು ನೆಲಕ್ಕೆ ಕಾಲು ಹತ್ತಿರಲಿಲ್ಲ. ಸೊಸೆ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕುವುದನ್ನು ಕಂಡಿದ್ದಳು. ಕಂಡೂ, ಈ ದೇಶದ ಬಿಸಿಲು ಕೆಟ್ಟದ್ದು ಎಂದುಕೊಂಡು ಸುಮ್ಮನಾಗಿದ್ದಳು.

ಒಂದು ಭಾನುವಾರ ಊಟದ ನಡುವೆ ಪಲ್ಲವಿಗೆ ಆಫೀಸಿನಿಂದ ಫೋನ್ ಬಂತು. ಎದ್ದು ಹೋಗಿ ಮಾತಾಡಿ ಬಂದಳು. ಶಂಭುಲಿಂಗ ಊಟ ಮುಗಿಸಿದ, ಕೈ ತೊಳೆದ, ಟವೆಲಿನಲ್ಲಿ ಬೆರಳು ಬೆರಳೂ ಒರೆಸಿಕೊಂಡ, ಹೆಂಡತಿಯನ್ನು ಬಟ್ಟೆ ಒಗೆಯುವ ಕೋಣೆಗೆ ಕರೆದ. ಬಾಗಿಲು ಮುಚ್ಚಿತು. ಬಳಿಕ ಬಟ್ಟೆ ಒಣಗಿಸುವ ಡ್ರೈಯರಿನ ಸದ್ದು ಶುರುವಾಯಿತು.

ಒಣಗಿಸಬೇಕಾದ ಬಟ್ಟೆ ಒಂದೂ ಇರಲಿಲ್ಲವೆಂದು ಅನ್ನಪೂರ್ಣವ್ವನಿಗೆ ಗೊತ್ತಿತ್ತು. ಬೆಳಿಗ್ಗೆ ತಾನೇ ಎಲ್ಲ ಮಡಚಿಟ್ಟಿದ್ದಳು. ಧಾರವಾಡದಲ್ಲಿ ಅವಳ ಗಂಡ ಅಡಿವೆಪ್ಪ ಮಾಸ್ತರ ರೇಡಿಯೋ ದೊಡ್ಡದು ಮಾಡುತ್ತಿದ್ದ. ಕೃಷಿರಂಗ, ವಾರ್ತೆ, ಯಾವುದಿದ್ದರೂ ಸರಿ. ಓಣಿಯವರು ಮಾಸ್ತರರಿಗೆ ಕಿವಿ ಮಂದ ಎಂದೇ ತಿಳಿದಿದ್ದರು. ಏಳು ವರ್ಷದ ಶಂಭು ಒಮ್ಮೆ ನಡುವೆ ನುಗ್ಗಿ ಅಪ್ಪನ ಹೊಡೆತವನ್ನು ಎಡಗಿವಿಗೆ ತಿಂದಿದ್ದ. ಆ ಕಿವಿ ಮತ್ತೆ ಕೇಳಿಸಲಿಲ್ಲ. ಇವನಾದರೂ ಬಲ್ಲ, ಇವನು ಯಾರ ಮೇಲೂ ಕೈ ಮಾಡಲಾರ ಎಂದು ಅವಳು ಅಂದಿನಿಂದ ನಂಬಿಕೊಂಡು ಬಂದಿದ್ದಳು.

ಡ್ರೈಯರ್ ನಿಂತಿತು. ಶಂಭುಲಿಂಗ ಹೊರಗೆ ಬಂದು, “ಅವ್ವಾ, ಚಾ ಮಾಡ್ಲೇನು?” ಎಂದು ಕೇಳಿದ.

ಮರುದಿನ ಅವನ ಕಾರು ಫ್ರೀವೇ ಕಡೆ ಹೋದ ಮೇಲೆ ಅನ್ನಪೂರ್ಣವ್ವ ಸೊಸೆಯ ಕೋಣೆಗೆ ಹೋಗಿ ಪಾಸ್‌ಪೋರ್ಟ್ ತಗೋ, ಕೂಸಿನದೂ ತಗೋ ಎಂದಳು. ಪಲ್ಲವಿ ಗೋಡೆ ನೋಡುತ್ತ ಕೂತಿದ್ದಳು. ಸಿಡ್ನಿ ಆಫೀಸಿಗೆ ವರ್ಗ ಕೇಳಿ ಆರು ತಿಂಗಳಾಗಿತ್ತು, ಒಪ್ಪಿಗೆಯೂ ಬಂದಿತ್ತು, ಹೊರಡುವ ಧೈರ್ಯ ಮಾತ್ರ ಬಂದಿರಲಿಲ್ಲ.

“ಇಲ್ಲೇ ಖಾಯಂ ಇರೋಕೆ ಪಿಆರ್ ಬಂದ್ಬಿಡ್ಲಿ ಅತ್ತೆ. ಆ ಟೆನ್ಶನ್ ಹೋದ್ರೆ ಅವ್ರು ಸರಿಹೋಗ್ತಾರೆ.”

“ನಾನೂ ಕಾದೀನಿ,” ಅಂದಳು ಅನ್ನಪೂರ್ಣವ್ವ. “ನೌಕರಿ ಪರ್ಮನೆಂಟ್ ಆಗ್ಲಿ ಅಂತ ಕಾದೆ. ಮನಿ ಕಟ್ಟೂದು ಮುಗೀಲಿ ಅಂತ ಕಾದೆ. ಮನಿ ಮುಗೀತು. ಏಳು.”

ಶಾಲೆಯಿಂದ ನಿಹಾರಿಕಾಳನ್ನು ಕರೆದುಕೊಂಡು, ಪಲ್ಲವಿಯ ಹೆಸರಿನಲ್ಲಿದ್ದ ಸಣ್ಣ ಕಾರಿನಲ್ಲಿ ಎರಡು ದಿನದ ದಾರಿ ಸವೆಸಿ ಸಿಡ್ನಿಗೆ ಬಂದಿದ್ದರು. ಪಲ್ಲವಿ ಹಳೆಯ ಸಿಮ್ಮುಗಳನ್ನು ದಾರಿಯಲ್ಲೇ ತೆಗೆದು ಎಸೆದಳು. ಸಿಡ್ನಿ ಎಂಬುದನ್ನು ಶಂಭುಲಿಂಗ ಊಹಿಸಿಯಾನು. ಆದರೆ ಸಿಡ್ನಿ ದೊಡ್ಡದು.

ರೌಸ್ ಹಿಲ್‌ನ ಮನೆ ಸಿಕ್ಕಿತು. ಪಲ್ಲವಿ ಮೆಟ್ರೋ ಹತ್ತಿದ ಮೇಲೆ ಅನ್ನಪೂರ್ಣವ್ವ ಮೊಮ್ಮಗಳನ್ನು ಶಾಲೆಗೆ ಬಿಟ್ಟು, ಪಾರ್ಕಿನ ಸುತ್ತ ನಡೆಯುತ್ತಿದ್ದಳು. ಮೂರನೆಯ ದಿನವೇ ಹಿಂದಿನಿಂದ ಒಂದು ದನಿ ಬಂತು.

“ಯವ್ವಾ, ಹಣೀ ಮ್ಯಾಲಿನ ಇಬತ್ತಿ ನೋಡೇ ಗುರ್ತು ಹಿಡದೆ. ನಿಂದ ಯಾವೂರ?”

ನವಲಗುಂದದ ಬಸಕ್ಕ. ಮಗ ಶ್ರೀನಾಥನ ಮನೆಗೆ ಬಂದು ಎರಡು ವರ್ಷವಾಗಿತ್ತು. ಎಷ್ಟೋ ದಿನ ನೀರು ಕಾಣದವರಂತೆ ಅನ್ನಪೂರ್ಣವ್ವ ಆ ಮಾತನ್ನು ಕುಡಿದಳು. ಪಲ್ಲವಿ ಹೇಳಿಕೊಟ್ಟಂತೆ, ಊರು ಹುಬ್ಬಳ್ಳಿ, ಮಗ ಆಫೀಸಿನ ಕೆಲಸಕ್ಕೆ ಸಿಂಗಾಪುರಕ್ಕೆ ಹೋಗಿದ್ದಾನೆ ಎಂದಳು. ಸುಳ್ಳು ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ನಿಜವೇ ಮಾತಾಡಿದಳು: ಇಲ್ಲಿಯ ಬದನೆಕಾಯಿ ಸಪ್ಪೆ, ಜೋಳದ ಹಿಟ್ಟು ಹಳತು, ಮಂಡಿ ನೋವು, ಮೊಮ್ಮಕ್ಕಳಿಗೆ ನಾವು ಹೇಳಿದ್ದು ತಿಳಿಯುತ್ತದೆ, ಅವು ಹೇಳಿದ್ದು ನಮಗೆ ತಿಳಿಯುವುದಿಲ್ಲ. ದಿನಾ ಹತ್ತು ಗಂಟೆಗೆ ಬಸಕ್ಕ ಪಾರ್ಕಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಅನ್ನಪೂರ್ಣವ್ವ ಹತ್ತಕ್ಕೆ ಕಾಲು ಗಂಟೆ ಇರುವಾಗಲೇ ಬೂಟು ತೊಡುತ್ತಿದ್ದಳು.

ಒಂದು ದಿನ ಶ್ರೀನಾಥ ಮನೆಯಿಂದಲೇ ಕೆಲಸ ಮಾಡುತ್ತಿದ್ದವನು ತಾಯಿಗೆ ಔಷಧ ಕೊಡಲು ಪಾರ್ಕಿಗೆ ಬಂದ. ಇಬ್ಬರೂ ಅವ್ವಂದಿರು ನಗುತ್ತ ಕೂತಿದ್ದನ್ನು ಕಂಡು ಫೋಟೋ ತೆಗೆದ. ಅನ್ನಪೂರ್ಣವ್ವ ಬೇಡವೆನ್ನಲು ಬಾಯಿ ತೆರೆದಳು. ಏಕೆ ಬೇಡ ಎಂದರೆ ಏನು ಹೇಳುವುದೆಂದು ತಿಳಿಯದೆ ಸೆರಗು ಸರಿಮಾಡಿಕೊಂಡಳು.

ಅದಾಗಿ ನಾಲ್ಕನೆಯ ದಿನ, ಬುಧವಾರ, ಬಸಕ್ಕ ಬೆಂಚಿನಿಂದ ಎದ್ದು ಎದುರಿಗೇ ಬಂದಳು. ಮುಖದ ತುಂಬ ನಗೆ. ಕೈಯಲ್ಲಿ ಫೋನು.

“ಹುಬ್ಬಳ್ಳಿ ಅಂದೀಯಲ್ಲ, ಕಳ್ಳಿ. ಧಾರವಾಡದಾಕಿ ನೀ. ನಮ್ಮ ಮಂದಿ ಗ್ರೂಪಿನ್ಯಾಗ ಹಾಕಿದ ಫೋಟೋ ನೋಡಿ ನಿನ್ನ ಮಗ ನಮ್ಮ ಶ್ರೀನಾಥಗ ಫೋನ್ ಹಚ್ಚ್ಯಾನ. ನಿನ್ನ ಫೋನ್ ಕೆಟ್ಟೈತಂತ, ಪಾಪ, ಮಾತಾಡಬೇಕಂತ ಕಾಯಾಕತ್ತಾನ.” ಫೋನನ್ನು ಅನ್ನಪೂರ್ಣವ್ವನ ಕೈಗಿಟ್ಟು, ತಾಯಿಮಗ ಮಾತಾಡಿಕೊಳ್ಳಲೆಂದು ಬಸಕ್ಕ ಅತ್ತ ನಡೆದಳು.

“ಅವ್ವಾ. ಉಂಡ್ಯೇನು?”

ತಿಂಗಳಿಂದ ಕೇಳದ ದನಿ. ಅನ್ನಪೂರ್ಣವ್ವ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಉಂಡೆ ಎಂದಳು. ಫೋಟೋದಲ್ಲಿ ಬಡವಾಗಿ ಕಾಣುತ್ತೀ ಎಂದ ಅವನು. ಬಿಪಿ ಗುಳಿಗೆ ತಗೊಳ್ಳುತ್ತಿದ್ದೀಯಾ ಎಂದು ವಿಚಾರಿಸಿದ. ನಿಹಾರಿಕಾಳ ಹಲ್ಲು ಬಿತ್ತಾ ಎಂದು ಕೇಳುವಾಗ ಅವನ ದನಿ ಒಡೆಯಿತು, ಅದು ನಟನೆಯಲ್ಲವೆಂದು ತಾಯಿಗೆ ಗೊತ್ತಾಯಿತು.

“ಶನಿವಾರ ಮುಂಜಾನಿ ಬರ್ತೀನಿ. ಟಿಕೆಟ್ ಬುಕ್ ಮಾಡೀನಿ. ಆಕಿಗೆ ಹೇಳಬ್ಯಾಡ. ಕುಂತು ಮಾತಾಡೂಣು. ಮನಿ ನಂಬರ್ ಅಷ್ಟ ಹೇಳು.”

“ಅವತ್ತ ಡ್ರೈಯರ್ ಯಾಕ ಹಚ್ಚಿದ್ದಿ, ಶಂಭೂ?”

ಅದೇ ಮೆತ್ತನೆಯ ದನಿಯಲ್ಲಿ ಅವನು ಅಂದ: “ನೀ ನಮ್ಮ ನಡುವ ಬರಬ್ಯಾಡವ್ವಾ. ನಿಮ್ಮಿಬ್ಬರ ನಡುವ ನಾ ಬಂದಿದ್ನಲ್ಲ, ಏನಾತು? ನನ್ನ ಕಿವಿ ಹೋತು. ನೀ ಅಲ್ಲೇ ಉಳದಿ.”

ಅವಳಿಗೆ ಫೋನ್ ಹೇಗೆ ಆರಿಸುವುದೆಂದು ತಿಳಿಯಲಿಲ್ಲ. ಬಸಕ್ಕನ ಹತ್ತಿರ ಹೋಗಿ ಅವಳ ಕೈಗೆ ಕೊಟ್ಟಳು. ಅದರೊಳಗಿಂದ ಇನ್ನೂ ‘ಅವ್ವಾ, ಅವ್ವಾ’ ಎನ್ನುವುದು ಕೇಳುತ್ತಿತ್ತು.

ಸಂಜೆ ಪಲ್ಲವಿ ಬೂಟು ಬಿಚ್ಚುವ ಮೊದಲೇ ಅನ್ನಪೂರ್ಣವ್ವ ಎಲ್ಲ ಹೇಳಿದಳು. ತಪ್ಪು ನನ್ನದು, ಆ ಬೆಂಚಿನ ಆಸೆಗೆ ನಿಮ್ಮನ್ನು ಇಲ್ಲಿ ತಂದೆ ಎಂದಳು. ಪಲ್ಲವಿ ಬೈಯಲಿಲ್ಲ. ಬಾಗಿಲ ಬಳಿಯೇ ನೆಲದ ಮೇಲೆ ಕೂತಳು, ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅನ್ನಪೂರ್ಣವ್ವನಿಗೆ. ಆಮೇಲೆ ಪಲ್ಲವಿ ವಕೀಲೆಗೆ ಫೋನ್ ಮಾಡಿದಳು, ಸಹಾಯವಾಣಿಗೆ ಮಾಡಿದಳು. ಅವನು ಹತ್ತಿರ ಸುಳಿಯದಂತೆ ಕೋರ್ಟಿನಿಂದ ಆದೇಶ ತರಬಹುದು, ಆದರೆ ಶನಿವಾರದೊಳಗೆ ಆಗುವುದು ಖಚಿತವಿಲ್ಲ, ಮೊದಲು ಮನೆ ಬಿಡಿ ಎಂದರು. ದಕ್ಷಿಣದ ಕಡೆ ಒಂದು ಯೂನಿಟ್, ಸಣ್ಣ ಫ್ಲಾಟು, ಖಾಲಿ ಇದೆಯೆಂದೂ ತಿಳಿಸಿದರು. ಪಲ್ಲವಿ ಫೋನಿನಲ್ಲಿ ನಕ್ಷೆ ತೆರೆದು ಆ ಜಾಗವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದಳು.

“ಅಲ್ಲಿ ನಮ್ಮೋರು ಯಾರೂ ಇಲ್ಲ ಅತ್ತೆ. ಇಂಡಿಯನ್ ಅಂಗಡಿ ಕೂಡ ಇಲ್ಲ. ನಾನು ಆಫೀಸಿಗೆ ಹೋದ್ಮೇಲೆ ದಿನವಿಡೀ ನೀವು ಯಾರ ಹತ್ರ ಮಾತಾಡ್ತೀರಾ?”

“ಧಾರವಾಡದಾಗ ಮೂವತ್ತು ವರ್ಷ ಮಾತಾಡಿದೆ. ಓಣಿ ತುಂಬ ನಮ್ಮ ಮಂದೀನ,” ಅಂದಳು ಅನ್ನಪೂರ್ಣವ್ವ. “ಅದನ್ನೊಂದು ಬಿಟ್ಟು ಎಲ್ಲಾ ಮಾತಾಡಿದೆ. ಅಲ್ಲೇ ಹೋಗೂಣು.”

ಶುಕ್ರವಾರ ಮಧ್ಯಾಹ್ನ ಕಾರಿಗೆ ಸಾಮಾನು ತುಂಬುತ್ತಿರುವಾಗ ಬಸಕ್ಕ ಹುಡುಕಿಕೊಂಡು ಬಂದುಬಿಟ್ಟಳು. ಎರಡು ದಿನ ಬೆಂಚಿಗೆ ಬರದ ಗೆಳತಿಗೆ ಮೈಯಲ್ಲಿ ಹುಷಾರಿಲ್ಲವೇನೋ ಎಂದು, ಶಾಲೆಯ ಹತ್ತಿರ ಕೇಳಿಕೊಂಡು, ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಂಡು. ಚೀಲಗಳನ್ನು ಕಂಡು ನಿಂತಳು. ಪಲ್ಲವಿಯ ಮುಖ ಬಿಳಿಚಿತು. ಅನ್ನಪೂರ್ಣವ್ವ ಮುಂದೆ ಬಂದು ರೊಟ್ಟಿ ಇಸಿದುಕೊಂಡು, ಮೆಲ್ಬರ್ನಿಗೆ ವಾಪಸು ಹೊರಟಿದ್ದೇವೆ, ಮಗನ ಮನೆಗೇ ಎಂದಳು. ಗಂಡ ಹೆಂಡಿರ ಜಗಳವೆಂದು ಶ್ರೀನಾಥನಿಂದ ಕೇಳಿದ್ದ ಬಸಕ್ಕನ ಕಣ್ಣು ತುಂಬಿತು. ಚಲೋ ಮಾಡಿದಿ, ಗಂಡ ಹೆಂಡಿರು ಅಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ, ನೀ ಹಿರಿಯಳು ಕೂಡಿಸಿದೆ ಎಂದು ಅನ್ನಪೂರ್ಣವ್ವನ ಎರಡೂ ಕೈ ಹಿಡಿದುಕೊಂಡಳು. ಕಾರು ತಿರುಗುವವರೆಗೂ ಫುಟ್‌ಪಾತ್ ಮೇಲೆ ನಿಂತಿದ್ದಳು.

ಹೊಸ ಯೂನಿಟ್ಟಿನಲ್ಲಿ ಶನಿವಾರ ಬೆಳಗಾಯಿತು. ಅನ್ನಪೂರ್ಣವ್ವ ಲಿಂಗಪೂಜೆಗೆ ಕೂತಳು, ಮನಸ್ಸು ನಿಲ್ಲಲಿಲ್ಲ. ವಿಮಾನ ಇಳಿದಿರಬೇಕು. ಟ್ಯಾಕ್ಸಿ ಹಿಡಿದಿರಬೇಕು. ಮನೆ ಯಾವುದೆಂದು ತಿಳಿಯದೆ ಶ್ರೀನಾಥನ ಮನೆಗೆ ಹೋಗಿರಬೇಕು. ಬಸಕ್ಕ ಬಿಡುವವಳಲ್ಲ, ಎಲೆ ಹಾಕಿರುತ್ತಾಳೆ. ಅವ್ವ ಸುಳ್ಳು ಹೇಳಿದ್ದು ಅವನಿಗೆ ಅಲ್ಲೇ, ಎಲೆಯ ಮುಂದೆ ತಿಳಿದಿರುತ್ತದೆ. ತಿಳಿದರೂ ನಗುತ್ತ ಉಂಡಿರುತ್ತಾನೆ. ಎರಡು ರೊಟ್ಟಿಯನ್ನಾದರೂ ಉಂಡಿರಲಿ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಮಧ್ಯಾಹ್ನ ಅವಳಿಗೆ ಅನ್ನ ಇಳಿಯಲಿಲ್ಲ.

ಕೋರ್ಟಿನ ಆದೇಶ ಎರಡು ವಾರದ ಮೇಲೆ ಬಂತು. ಅದೊಂದು ಕಾಗದ. ಪಲ್ಲವಿ ಅದರ ಮೂರು ಪ್ರತಿ ಮಾಡಿಸಿ ಒಂದನ್ನು ಶಾಲೆಗೆ ಕೊಟ್ಟಳು. ಈ ಸಬರ್ಬ್‌ನಲ್ಲಿ ಅನ್ನಪೂರ್ಣವ್ವ ಹಣೆಗೆ ವಿಭೂತಿ ಹಚ್ಚಿ ಹೊರಗೆ ಹೋಗುವುದನ್ನು ಬಿಟ್ಟಳು. ಪಲ್ಲವಿಯ ಹಳೆಯ ಪ್ಯಾಂಟು, ಉದ್ದ ಕೋಟು ತೊಟ್ಟಳು. ಪಕ್ಕದ ಮನೆಯ ಬಿಳಿಯ ಮುದುಕಿ ಏನಾದರೂ ಅಂದರೆ ತಲೆಯಾಡಿಸುತ್ತಿದ್ದಳು. ಅವಳ ವೀಸಾ ಮುಗಿಯಲು ಇನ್ನೂ ನಾಲ್ಕು ತಿಂಗಳಿತ್ತು. ಆಮೇಲಿನದನ್ನು ಅತ್ತೆ ಸೊಸೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಒಂದು ಸಂಜೆ ಶಾಲೆಯಿಂದ ನಿಹಾರಿಕಾಳೊಂದಿಗೆ ಬಸ್ಸಿನಲ್ಲಿ ಬರುವಾಗ ಹಿಂದಿನ ಸೀಟಿಗೆ ಒಂದು ಹರೆಯದ ಜೋಡಿ ಬಂದು ಕೂತಿತು. ಮನೆ ನೋಡಿ ಬಂದವರು. ಹುಡುಗಿ ಸುಸ್ತಾಗಿದ್ದಳು.

“ಬಾಡಿಗಿ ಕಡಿಮಿ ಖರೆ. ಆದ್ರ ಇಲ್ಲಿ ನಮ್ಮ ಮಂದಿ ಒಬ್ಬರೂ ಇದ್ದಂಗಿಲ್ಲ ನೋಡ್ರಿ. ಹಗಲೆಲ್ಲಾ ಒಬ್ಬಾಕಿ ಹೆಂಗಿರ್ಲಿ?”

ಬೆಳಗಾವಿ ಕಡೆಯ ಮಾತು. ಅನ್ನಪೂರ್ಣವ್ವನ ಬೆನ್ನು ನೆಟ್ಟಗಾಯಿತು. ನಿಹಾರಿಕಾ ಕತ್ತು ಎತ್ತಿ, “ಅಜ್ಜಿ, ದೆ ಟಾಕ್ ಲೈಕ್ ಯೂ,” ಅಂದಳು.

ಅನ್ನಪೂರ್ಣವ್ವ ಹಿಂತಿರುಗಿ ನೋಡಲಿಲ್ಲ. ಕೈ ಚಾಚಿ ಗಂಟೆಯ ಗುಂಡಿ ಒತ್ತಿದಳು. ಬಸ್ಸು ನಿಂತಿತು. ಅಜ್ಜಿ, ಮೊಮ್ಮಗಳು ಇಳಿದರು. ಇದು ನಮ್ಮ ಸ್ಟಾಪ್ ಅಲ್ಲ ಎಂದು ನಿಹಾರಿಕಾ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿ, ಅಜ್ಜಿಯ ಬೆರಳು ಹಿಡಿದಳು. ಮರುದಿನ ಕಸದ ಗಾಡಿ ಬರುವ ದಿನ. ಮನೆ ಮನೆಯ ಮುಂದೆ ಕೆಂಪು ಮುಚ್ಚಳದ ಡಬ್ಬಿಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೆ ದೊಡ್ಡ ಬಿಳಿಯ ಕಾಕಟೂ ಗಿಳಿ ಕೂತು, ಕೊಕ್ಕಿನಿಂದ ಮುಚ್ಚಳ ಎತ್ತಲು ಹೆಣಗುತ್ತಿತ್ತು. ಇವರು ಹತ್ತಿರ ಬಂದರೂ ಹಾರಲಿಲ್ಲ. ಅಜ್ಜಿ ಮೊಮ್ಮಗಳು ನಿಂತು ನೋಡಿದರು. ಮುಚ್ಚಳ ಅರ್ಧ ಏಳುವುದು, ಜಾರಿ ಬೀಳುವುದು, ಮತ್ತೆ ಏಳುವುದು.