ಹಿಂದಿನ ಸಾಲಿನ ಎಂಟು ಗೋಲು

ಹಾಕಿ ಆಟದ ಅಂಗಿಯ ಬೆನ್ನಿನಿಂದ ಒಂಬತ್ತು ನಂಬರಿನ ಬಟ್ಟೆಯನ್ನು ಬಿಚ್ಚುತ್ತಿದ್ದೆ. ಬ್ಲೇಡಿನ ಮೂಲೆಯಿಂದ ಒಂದು ಹೊಲಿಗೆ ಕತ್ತರಿಸುವುದು, ದಾರದ ತುಂಡನ್ನು ಊದುವುದು, ಮತ್ತೊಂದು ಹೊಲಿಗೆ. ಎದುರಿನ ಸ್ಟೂಲಿನ ಮೇಲೆ ಅಂಗಿಯ ಒಡತಿ ತೇಜಸ್ವಿನಿ ಕೂತಿದ್ದಳು. ಮೆಷಿನ್ನಿನ ಹಿಂದೆ ಅವಳ ಅಮ್ಮ ಇಂದ್ರಮ್ಮ. ವಿದ್ಯಾರಣ್ಯಪುರಂನ ಆ ಟೈಲರ್ ಅಂಗಡಿ ಅವರದು. ನಾನು ಅಲ್ಲಿ ಕೆಲಸಕ್ಕಿರುವವಳು. ಒಂಬತ್ತು ಸುಲಭಕ್ಕೆ ಬಿಡಲಿಲ್ಲ. ಹೋದ ವರ್ಷ ಅದನ್ನು ಎರಡೆರಡು ಸಲ ಹೊಲಿದಿದ್ದವಳು ನಾನೇ.

ಇಷ್ಟಕ್ಕೆಲ್ಲ ಕಾರಣವೂ ನಾನೇ, ನಾನು ಮತ್ತು ಒಂದು ಡಬ್ಬಿ ಗುಂಡಿ.

ಟೂರ್ನಿ ಶುರುವಾದಾಗ ಇಂದ್ರಮ್ಮ ಹೇಳಿದ್ದರು: "ಬಿಂದು, ಮ್ಯಾಚಿಗೆ ಹೋಗ್ಬುಟ್ಟು ಯಾರ್ಯಾರು ಎಷ್ಟೆಷ್ಟು ಗೋಲು ಹೊಡೀತಾರೆ ನೋಡ್ಕೊಂಡ್ ಬಾ. ಆ ಕೋಚು ನನ್ ಮಗಳ ಹೆಸರೇ ಎತ್ತಲ್ಲ. ಲೆಕ್ಕ ತೋರಿಸ್ಬುಡ್ತೀನಿ ಅವರಿಗೆ."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಪೆನ್ನಿಗಿಂತ ಗುಂಡಿ ಸಲೀಸು. ಒಬ್ಬೊಬ್ಬ ಹುಡುಗಿಗೆ ಒಂದೊಂದು ದಾರ ಮಾಡಿದೆ. ಮುಂದಿನ ಸಾಲಿನವಳು ಗೋಲು ಹೊಡೆದರೆ ಕೆಂಪು ಗುಂಡಿ, ಮಧ್ಯದ ಸಾಲಿನವಳಿಗೆ ಹಳದಿ, ಹಿಂದೆ ನಿಂತು ಕಾಯುವ ಬ್ಯಾಕ್‌ಗಳಿಗೆ ನೀಲಿ. ಐದು ಮ್ಯಾಚು ಬೇಲಿಯ ಪಕ್ಕ ನಿಂತು ಪೋಣಿಸಿದೆ. ಏನು ಮಾಡ್ತಿದ್ದೀಯ ಎಂದು ಯಾರೂ ಕೇಳಲಿಲ್ಲ.

ಫೈನಲ್ಲಿಗೆ ಮೂರು ದಿನ ಇರುವಾಗ ಕೋಚ್ ದೇವಯ್ಯ ಸರ್ ಹರಿದ ಅಂಗಿಗಳನ್ನು ರಿಪೇರಿಗೆ ತಂದರು. ಇಂದ್ರಮ್ಮ ಡಬ್ಬಿಯ ಒಳಗೆ ಒಮ್ಮೆಯೂ ಇಣುಕಿರಲಿಲ್ಲ. ನಾನು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಂತೆ ಅದನ್ನು ಟೇಬಲ್ಲಿನ ಮೇಲೆ ಸುರಿದೇಬಿಟ್ಟರು.

"ನೋಡಿ ಸಾರ್, ಬಾಯಲ್ಲಿ ಹೇಳಿದ್ರೆ ನಂಬಲ್ಲ ನೀವು. ಈ ಉದ್ದದ್ದು ನಮ್ ತೇಜೂದು. ಅಲ್ವೇನೆ ಬಿಂದು?"

"ಅಲ್ಲಮ್ಮ. ಅದು ವರ್ಷಿಣೀದು. ತೇಜೂದು ಇದು." ಮೂರು ಕೆಂಪು ಗುಂಡಿಯ ದಾರವನ್ನು ಮುಂದೆ ತಳ್ಳಿದೆ.

"ವರ್ಷಿಣಿ ಬ್ಯಾಕಲ್ವೇನೆ! ಗೋಲು ತಡಿಯೋಳು ಕಣೆ ಅವಳು. ಏನೋ ತಪ್ಪಾಕಿದೀಯ."

ದೇವಯ್ಯ ಸರ್ ನೀಲಿ ದಾರವನ್ನೆತ್ತಿ ಜಪಮಾಲೆಯಂತೆ ಒಂದೊಂದೇ ಗುಂಡಿ ಸರಿಸಿದರು. "ಎಂಟು. ಸರಿಯಾಗೇ ಇದೆ ಕಣ್ರೀ. ಮುಂದಿನ ಸಾಲು ಪೂರ್ತಿ ಸೇರಿ ಐದು, ಮಧ್ಯದ್ದು ಎರಡು, ಇವಳೊಬ್ಳೇ ಎಂಟು! ಅಷ್ಟು ಹಿಂದೆ ನಿಂತು ಎಂಟು ಹೊಡೆದೋಳು ಮುಂದೆ ನಿಂತ್ರೆ ಎಷ್ಟು ಹೊಡೀಬೇಡ?"

"ಅಯ್ಯೋ, ಅದಕ್ಕಾ ನಾನು ತೋರಿಸಿದ್ದು?"

"ಒಳ್ಳೇ ಕೆಲಸ ಮಾಡಿದ್ರಿ ಬುಡಿ. ಫೈನಲ್ಲಿಗೆ ಸೆಂಟರ್ ಫಾರ್ವರ್ಡು ವರ್ಷಿಣಿ. ಒಂಬತ್ತನ್ನ ಅವಳ ಅಂಗಿಗೆ ಹಾಕ್ಬುಡಿ. ತೇಜಸ್ವಿನಿ ಹೊರಗೆ ಕೂರ್ಲಿ."

ರಾಜ್ಯದ ಕ್ಯಾಂಪಿಗೆ ಹುಡುಗಿಯರನ್ನು ಆರಿಸುವವರು ಆ ಫೈನಲ್ ನೋಡಲು ಬರುವವರಿದ್ದರು. ಹೊರಗೆ ಕೂತವಳನ್ನು ಯಾರು ಆರಿಸುತ್ತಾರೆ?

ಕೊನೆಯ ಹೊಲಿಗೆಯೂ ಬಿಟ್ಟು ಒಂಬತ್ತು ಕೈಗೆ ಬಂತು. ಅದನ್ನು ವರ್ಷಿಣಿಯ ಅಂಗಿಯ ಮೇಲಿಟ್ಟು ಗುಂಡುಪಿನ್ನು ಚುಚ್ಚುವಾಗ ಅವಳ ಎಂಟು ಗೋಲುಗಳನ್ನು ನೆನೆಸಿಕೊಂಡೆ. ಎಂಟೂ ಪೆನಾಲ್ಟಿ ಕಾರ್ನರುಗಳೇ. ಗೋಲಿನ ಮುಂದಿನ ಡಿ ಗೆರೆಯೊಳಗೆ ಚೆಂಡು ಎದುರಾಳಿಯ ಕಾಲಿಗೆ ತಾಗಿದರೆ ಕಾರ್ನರ್ ಕೊಡುತ್ತಾರೆ. ಆಗ ವರ್ಷಿಣಿ ಹಿಂದಿನಿಂದ ಬಂದು ಜೋರಾಗಿ ಹೊಡೆದು, ವಾಪಸು ಹೋಗಿ ನಿಲ್ಲುತ್ತಾಳೆ. ಆದರೆ ಚೆಂಡನ್ನು ಆ ಗೆರೆಯೊಳಗೆ ಒಯ್ದವರು ಯಾರು? ಆರು ಸಲ ತೇಜಸ್ವಿನಿ. ಕಣ್ಣಾರೆ ಕಂಡಿದ್ದೆ. ಅದಕ್ಕೊಂದು ಗುಂಡಿ ಇಟ್ಟಿರಲಿಲ್ಲ, ಅಷ್ಟೇ.

"ತೇಜು," ಎಂದೆ ಮೆಲ್ಲಗೆ. "ಅವರ ಕಾಲು ತಾನಾಗೇ ಅಡ್ಡ ಬರೋ ಹಂಗೆ ನೀನು ಚೆಂಡು ತಿರುಗಿಸ್ತೀಯ ಅಲ್ವಾ?"

"ಈಗ್ ಕೇಳ್ತಿದೀಯಾ? ಗುಂಡಿ ಪೋಣಿಸೋವಾಗ ಏನಾಗಿತ್ತು ನಿಂಗೆ?"

"ಏನದು? ಏನಂತೆ?" ಇಂದ್ರಮ್ಮ ಮೆಷಿನ್ ನಿಲ್ಲಿಸಿದರು.

"ಏನಿಲ್ಲಮ್ಮ." ತೇಜು ನನ್ನ ಕಡೆ ಬಾಗಿದಳು. "ಸುಮ್ನಿರು ಮಾರಾಯ್ತಿ. ಅಮ್ಮ ಇನ್ನೊಂದು ಡಬ್ಬಿ ತಗೊಂಡು ಸರ್ ಹತ್ರ ಹೊರಟ್ಬುಡ್ತಾಳೆ. ಆಮೇಲೆ ನನ್ನ ಗೋಲ್‌ಕೀಪರ್ ಮಾಡ್ತಾರೆ."

ನಕ್ಕಳು. ಆದರೆ ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ.

ಭಾನುವಾರ ಮೇಟಗಳ್ಳಿ ತಂಡದ ಮೇಲೆ ಫೈನಲ್. ಇಂದ್ರಮ್ಮ ಅಂಗಡಿ ಮುಚ್ಚಿ ಬಂದಿದ್ದರು. ಮುಂದಿನ ಸಾಲಿನಲ್ಲಿ ವರ್ಷಿಣಿ ದಾರಿ ತಪ್ಪಿದವಳಂತೆ ನಿಂತಿದ್ದಳು. ಚೆಂಡು ನಮ್ಮ ಗೋಲಿನ ಕಡೆ ಹೋದಾಗಲೆಲ್ಲ ಅಭ್ಯಾಸಬಲದಿಂದ ಅದರ ಹಿಂದೆ ಓಡುತ್ತಿದ್ದಳು.

"ಮುಂದೆ ನಿಂತ್ಕೊಳೇ!" ದೇವಯ್ಯ ಸರ್ ಕೂಗುತ್ತಿದ್ದರು.

"ಹಿಂದೆ ಯಾರ್ ಸಾರ್ ಇದಾರೆ?" ಎಂದು ಅವಳು ಓಡುತ್ತಲೇ ಕೂಗಿದಳು.

ಅರ್ಧ ಆಟ ಮುಗಿದಾಗ ಮೇಟಗಳ್ಳಿಗೆ ಒಂದು ಗೋಲು, ನಮಗೆ ಇಲ್ಲ. ಗೋಲು ಹಾಗಿರಲಿ, ಒಂದು ಪೆನಾಲ್ಟಿ ಕಾರ್ನರೂ ಸಿಕ್ಕಿರಲಿಲ್ಲ. ಶಾಮಿಯಾನದ ಕೆಳಗೆ ಕುರ್ಚಿ ಹಾಕಿಕೊಂಡಿದ್ದ ಆಯ್ಕೆಯವರಲ್ಲಿ ಒಬ್ಬರು ಆಕಳಿಸಿದರು. ತೇಜು ಮೈದಾನದಂಚಿನ ಬೆಂಚಿನಲ್ಲಿ ಸ್ಟಿಕ್ಕಿಗೆ ಗದ್ದ ಊರಿ ಕೂತಿದ್ದಳು.

ನೀರು ಕುಡಿಯಲು ಬಂದವರೆಲ್ಲ ಒಟ್ಟಿಗೆ ಮಾತಾಡುತ್ತಿದ್ದರು. ಮಧ್ಯದ ಸಾಲಿನ ಧನುಶ್ರೀ ಬಿಸಿಲನ್ನು ಬೈದಳು. ದೇವಯ್ಯ ಸರ್ ಧನುಶ್ರೀಯನ್ನು ಬೈದರು. "ನಮ್ ಗುಂಡಿ ನಂಬ್ಕೊಂಡು ಟೀಮ್ ಮಾಡಿ ಅಂತ ನಾವ್ ಹೇಳಿದ್ವಾ?" ಎಂದು ಇಂದ್ರಮ್ಮ ಸರ್ ಅವರನ್ನು ಬೈದರು.

ಬೇಲಿಯಲ್ಲಿ ಒಂದು ಕಡೆ ಸಂದಿ ಇತ್ತು. ಐದು ಮ್ಯಾಚು ಅದರ ಪಕ್ಕದಲ್ಲೇ ನಿಂತಿದ್ದೆ. ಸೆರಗಿನಂತೆ ದುಪಟ್ಟಾ ಸಿಕ್ಕಿಸಿಕೊಂಡು ನುಸುಳಿ, ಆ ಗುಂಪಿನ ನಡುವೆ ಹೋಗಿ ನಿಂತೆ.

"ಸರ್, ವರ್ಷಿಣೀದು ಆರು ಗೋಲು ತೇಜು ತಂದ ಕಾರ್ನರಿಂದ ಬಂದಿದ್ದು. ನಾನು ನೋಡಿದೀನಿ. ಅದನ್ನ ಎಣಿಸ್ಲಿಲ್ಲ. ತಪ್ಪು ನಂದೇ."

ವರ್ಷಿಣಿ ಹೌದೆಂದು ತಲೆಯಾಡಿಸಿದಳು. ಇಂದ್ರಮ್ಮ, ನನಗೆ ಬಾಯಿ ಇರುವುದು ಈಗ ಗೊತ್ತಾಯಿತು ಎಂಬಂತೆ ನೋಡಿದರು. ದೇವಯ್ಯ ಸರ್ ನೀರಿನ ಬಾಟಲಿಯನ್ನು ಬಾಯಿಗೆ ಎತ್ತಿದವರು ಹಾಗೆಯೇ ಹಿಡಿದುಕೊಂಡು ನಿಂತರು. ಅಂಪೈರ್ ಸೀಟಿ ಊದಿದರು. ಹುಡುಗಿಯರು ಸ್ಟಿಕ್ ಎತ್ತಿಕೊಂಡರು, ಆದರೆ ಯಾರೂ ಕದಲಲಿಲ್ಲ.

"ಸರ್, ತೇಜಸ್ವಿನೀನ ಆಡ್ಸಿ," ಎಂದೆ ನಾನೇ.